4,200 ಸೀಟು ಸಾಕಾ? ಚಾಪೆಲ್ ಹಿಲ್‌ನ ಡೊರೆನ್ಸ್ ಫೀಲ್ಡ್ ನೋಡಿ ಬಂದ ಮೇಲೆ ಒಂದು ಪ್ರಶ್ನೆ

ಕ್ಯಾರಿ_ಅಪ್ಪಯ್ಯ · ಶುಕ್ರವಾರ ಬೆಳಿಗ್ಗೆ 7:40

ನಿನ್ನೆ ಸಂಜೆ ಮಗಳನ್ನು ಕರೆದುಕೊಂಡು ಚಾಪೆಲ್ ಹಿಲ್‌ಗೆ ಹೋಗಿದ್ದೆ. ನಾವು ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾರಿಗೆ ಬಂದು ಒಂಬತ್ತು ವರ್ಷ ಆಯ್ತು. ಮನೆಯಿಂದ ಅರ್ಧ ಗಂಟೆ ದಾರಿ. ಆದರೂ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಸಾಕರ್ ನೋಡಿದ್ದು ಇದೇ ಮೊದಲು. ಮಗಳಿಗೆ ಹನ್ನೊಂದು. ಅವಳ ಕೋಚು "ಟಿವಿಯಲ್ಲಿ ನೋಡಿದ್ದು ಸಾಕು, ಒಂದು ಸಲ ಡೊರೆನ್ಸ್ ಫೀಲ್ಡ್‌ಗೆ ಹೋಗಿ ಬನ್ನಿ" ಅಂತ ಮೂರು ಸಲ ಹೇಳಿದ್ದರು.

ಮೂರನೇ ಸಾಲಿನಲ್ಲಿ ಕೂತೆವು. ಗೋಲ್‌ಕೀಪರ್ ಕೂಗುವುದು ಕೇಳುತ್ತಿತ್ತು. ಚೆಂಡು ಶಿನ್ ಗಾರ್ಡ್‌ಗೆ ಬಡಿದ ಟಪ್ ಸದ್ದೂ ಕೇಳುತ್ತಿತ್ತು. ಒಬ್ಬಳು ಥ್ರೋ-ಇನ್ ಹಾಕಲು, ಅಂದರೆ ಹೊರಗೆ ಹೋದ ಚೆಂಡನ್ನು ಕೈಯಲ್ಲಿ ಒಳಗೆ ಎಸೆಯಲು, ನಮ್ಮ ಮುಂದೆಯೇ ಬಂದಳು. ಅವಳ ಮಣಿಕಟ್ಟಿನ ಬಿಳಿ ಟೇಪಿನ ಮೇಲೆ ಪೆನ್ನಿನಲ್ಲಿ ಏನೋ ಗೀಚಿತ್ತು. ಮಗಳು ಅದನ್ನು ಓದಲು ಕತ್ತು ಉದ್ದ ಮಾಡಿದಳು, ಆಗಲಿಲ್ಲ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಪಾಪ್‌ಕಾರ್ನ್ ಕೇಳುವವಳು ನಿನ್ನೆ ಅರ್ಧ ಆಟದವರೆಗೆ ತುಟಿ ಬಿಚ್ಚಲಿಲ್ಲ.

ಈಗ ನನ್ನ ಪ್ರಶ್ನೆ. ಈ ತಂಡ ಇಷ್ಟೊಂದು ಸಲ ಚಾಂಪಿಯನ್ ಆಗಿದೆ. ಅಮೆರಿಕದ ಹೆಸರಾಂತ ಆಟಗಾರ್ತಿ ಮಿಯಾ ಹ್ಯಾಮ್ ಆಡಿದ ಕಾಲೇಜು ಇದು. ಆದರೆ ಸ್ಟೇಡಿಯಂನಲ್ಲಿ ಇರುವುದು 4,200 ಸೀಟು! ಕೂಗಳತೆಯಲ್ಲೇ ಇರುವ ಕೀನನ್ ಸ್ಟೇಡಿಯಂನಲ್ಲಿ ಗಂಡುಹುಡುಗರ ಅಮೆರಿಕನ್ ಫುಟ್ಬಾಲ್‌ಗೆ 50,500. ಗೆದ್ದವರಿಗೆ ಚಿಕ್ಕದು, ಗೆಲ್ಲದವರಿಗೆ ದೊಡ್ಡದು. ಇದು ಅನ್ಯಾಯ ಅಲ್ವಾ? ಗೊತ್ತಿದ್ದವರು ಹೇಳಿ.

---

ಲೆಕ್ಕದ_ಮೇಷ್ಟ್ರು · 8:15

"ಇಷ್ಟೊಂದು ಸಲ" ಅಂದರೆ ಎಷ್ಟು ಅಂತ ಹೇಳಿಬಿಡೋಣ. ಇಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಹೆಣ್ಣುಮಕ್ಕಳ ಸಾಕರ್ ಚಾಂಪಿಯನ್‌ಶಿಪ್ ಶುರು ಮಾಡಿದ್ದು 1982ರಲ್ಲಿ. 2024ರ ಸೀಸನ್‌ವರೆಗೆ 43 ಸಲ ನಡೆದಿದೆ, ಅದರಲ್ಲಿ ಇವರು ಗೆದ್ದಿದ್ದು 22. ಅರ್ಧಕ್ಕಿಂತ ಜಾಸ್ತಿ! ಮೊದಲ 13ರಲ್ಲಿ 12 ಇವರದೇ. 1985ರಲ್ಲಿ ಮಾತ್ರ ಜಾರ್ಜ್ ಮೇಸನ್ ಗೆದ್ದಿತು. ಎನ್‌ಸಿಎಎಗೂ ಮುಂಚೆ, 1981ರಲ್ಲಿ, ಆಗ ಹೆಣ್ಣುಮಕ್ಕಳ ಕಾಲೇಜು ಕ್ರೀಡೆ ನೋಡಿಕೊಳ್ಳುತ್ತಿದ್ದ ಎಐಎಡಬ್ಲ್ಯೂ ನಡೆಸಿದ ಚಾಂಪಿಯನ್‌ಶಿಪ್ ಕೂಡ ಇವರದೇ. ಅದನ್ನೂ ಸೇರಿಸಿದರೆ 23.

ಇನ್ನು ಸೀಟು. 50,500ನ್ನು 4,200ರಿಂದ ಭಾಗಿಸಿದರೆ ಹನ್ನೆರಡು. ಅನ್ಯಾಯ ಹೌದೋ ಅಲ್ಲವೋ ಅನ್ನುವುದು ನನ್ನ ಸಬ್ಜೆಕ್ಟ್ ಅಲ್ಲ.

---

ಚಾಪೆಲ್‌ಹಿಲ್ಲಿನವಳು · 9:02

ಅಪ್ಪಯ್ಯನವರೇ, ಅಲ್ಲಿ ಎಂಎಸ್ ಮಾಡಿದವಳು ನಾನು. ಇದೇ ಜಾಗದಲ್ಲಿದ್ದ ಹಳೆ ಫೆಟ್ಜರ್ ಫೀಲ್ಡ್ ಕಾಲದಿಂದ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ತಿದ್ದುಪಡಿ. ಅದು ಹೆಣ್ಣುಮಕ್ಕಳಿಗೆ ಮಾತ್ರ ಇರುವ ಸ್ಟೇಡಿಯಂ ಅಲ್ಲ. ಗಂಡುಹುಡುಗರ ಸಾಕರ್ ತಂಡವೂ ಅಲ್ಲೇ ಆಡುತ್ತದೆ. ವಸಂತಕಾಲದಲ್ಲಿ ಲಕ್ರಾಸ್ (ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಎಸೆದಾಡುವ ಆಟ), ಅದರಲ್ಲೂ ಎರಡು ತಂಡ. ಒಟ್ಟು ನಾಲ್ಕು ತಂಡಕ್ಕೆ ಒಂದೇ ಹುಲ್ಲು. ಆದರೆ ಊರಿನವರ ಬಾಯಲ್ಲಿ ಅದು ಹುಡುಗಿಯರ ಗ್ರೌಂಡು. ಯಾಕೆ ಅಂದರೆ ಹೆಸರೇ ಅವರ ಕೋಚ್‌ದು. ಆನ್ಸನ್ ಡೊರೆನ್ಸ್ 1979ರಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟಿದವರು. 2024ರ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾಗಿ, ನಿವೃತ್ತಿ ಅಂದರು. ಮೈದಾನ ತೆರೆದದ್ದು 2019ರಲ್ಲಿ, ಅಂದರೆ ಐದು ವರ್ಷ ಅವರು ತಮ್ಮದೇ ಹೆಸರಿನ ಮೈದಾನದಲ್ಲಿ ಕೆಲಸ ಮಾಡಿದರು. ನಿವೃತ್ತಿಯಾದ ವರ್ಷವೇ ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ಕೈಯಲ್ಲಿ ತಂಡ ಮತ್ತೆ ಚಾಂಪಿಯನ್ ಆಯಿತು. ಫೈನಲ್ ನಡೆದದ್ದು ನಿಮ್ಮ ಕ್ಯಾರಿಯಲ್ಲೇ, ವೇಕ್ ಫಾರೆಸ್ಟ್ ಎದುರು 1-0.

ಈಗ ವಿಷಯಕ್ಕೆ ಬರುತ್ತೇನೆ. ಹಳೆ ಫೆಟ್ಜರ್ ಫೀಲ್ಡ್ 1935ರದ್ದು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಕೆಲಸ ಇಲ್ಲದವರಿಗೆ ಕೆಲಸ ಕೊಡಲು ಕಟ್ಟಿಸಿದ ಕಾಮಗಾರಿ. ಸೀಟು ಈಗಿನದಕ್ಕಿಂತ ಜಾಸ್ತಿಯೇ ಇತ್ತು, ಐದು ಸಾವಿರದ ಮೇಲೆ. ಆದರೆ ಮೈದಾನದ ಸುತ್ತ ಓಟದ ಟ್ರ್ಯಾಕ್ ಇತ್ತು. ನಾವು ಕೂರುತ್ತಿದ್ದದ್ದು ಟ್ರ್ಯಾಕಿನ ಆಚೆ. ಯಾರು ಪಾಸ್ ಕೊಟ್ಟರು, ಯಾರು ಬಿದ್ದರು ಅಂತ ಅಂದಾಜಿನ ಮೇಲೆ ಕೂಗುತ್ತಿದ್ದೆವು. ಎಲ್ಲವನ್ನೂ ಒಡೆದು, ಟ್ರ್ಯಾಕನ್ನು ಫಿನ್ಲಿ ಅನ್ನುವ ಬೇರೆ ಜಾಗಕ್ಕೆ ಸಾಗಿಸಿ, 2019ರಲ್ಲಿ ಹೊಸದು ತೆರೆದರು. ಸೀಟು ಕಡಿಮೆಯಾಯಿತು. ಆದರೆ ನೀವು ಮಣಿಕಟ್ಟಿನ ಟೇಪ್ ನೋಡಿದಿರಲ್ಲ, ಅದು ಆ ಟ್ರ್ಯಾಕ್ ಹೋದದ್ದರ ಫಲ. ಫೆಟ್ಜರ್‌ನಲ್ಲಿ ಅದು ಕಾಣುತ್ತಿರಲಿಲ್ಲ.

ಹಾಗಾಗಿ ನನಗೆ ಇದು ಚಿಕ್ಕದು ಅನ್ನಿಸುವುದಿಲ್ಲ. ಅಳತೆಗೆ ಹೊಲಿಸಿದ ಬಟ್ಟೆ ಅನ್ನಿಸುತ್ತದೆ.

---

ವೆಸ್ಟ್‌ಬ್ಲಾಕ್_ಹುಡ್ಗ · ಶುಕ್ರವಾರ ರಾತ್ರಿ 8:10 (ಬೆಂಗಳೂರು)

ಅಯ್ಯೋ ಟ್ರ್ಯಾಕ್ ಅಂದ್ರಲ್ಲ ಮೇಡಂ, ಹೊಟ್ಟೆ ಉರಿಯಿತು. ಕಂಠೀರವಕ್ಕೆ ಬನ್ನಿ ಒಂದು ಸಲ. ಬೆಂಗಳೂರು ಎಫ್‌ಸಿ 2014ರಿಂದ ಅಲ್ಲಿ ಆಡುತ್ತಿದೆ. ನಾವು ಗೋಲ್ ಹಿಂದೆ ನಿಂತು ಗಂಟಲು ಹರಿದುಕೊಳ್ಳುತ್ತೇವೆ. ನಮಗೂ ಆಟಗಾರರಿಗೂ ನಡುವೆ ಎಂಟು ಲೇನ್ ಟ್ರ್ಯಾಕ್, ಆಮೇಲೆ ಹೈಜಂಪ್ ಮಾಡುವ ಜಾಗ. ಸುನಿಲ್ ಛೆಟ್ರಿ ಮುಖ ನೋಡಿದ್ದು ಮೊಬೈಲ್ ಜೂಮ್‌ನಲ್ಲಿ.

ಅದಕ್ಕಿಂತ ಮುಂಚೆ ಮೊದಲ ಸೀಸನ್, 2013-14, ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ. ಗರುಡ ಮಾಲ್ ಹತ್ತಿರದ್ದು. ಹಳೇದು, ಸೌಲಭ್ಯ ಕಡಿಮೆ, ಆದರೆ ಟ್ರ್ಯಾಕ್ ಇಲ್ಲ. ಆಟಗಾರ ಉಗಿದರೆ ನಮ್ಮ ಶೂ ಮೇಲೆ ಬೀಳಬೇಕು, ಹಾಗಿತ್ತು. ಆ ಗದ್ದಲ ಕಂಠೀರವದಲ್ಲಿ ಅದರ ಎರಡರಷ್ಟು ಜನ ಸೇರಿದರೂ ಬರಲಿಲ್ಲ.

ಇನ್ನೊಂದು ಮಾತು. ದಯವಿಟ್ಟು ಅದನ್ನ ಫುಟ್ಬಾಲ್ ಅನ್ನಿ, ಸಾಕರ್ ಅನ್ನಬೇಡಿ. ಓದಿದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತದೆ.

---

ಕ್ಯಾರಿ_ಅಪ್ಪಯ್ಯ · 11:05

ತಮ್ಮಾ, ಇಲ್ಲಿ ಫುಟ್ಬಾಲ್ ಅಂದರೆ ಮಗಳನ್ನ ಹೆಲ್ಮೆಟ್ ಹಾಕಿಸಿ ಬೇರೆ ಗ್ರೌಂಡಿಗೆ ಕಳಿಸುತ್ತಾರೆ. ಸಾಕರ್ರೇ ಇರಲಿ ಬಿಡು.

---

ವಿಲ್ಲಾಮೆಟ್_ವಾಸಿ · 11:48

ಪೋರ್ಟ್‌ಲ್ಯಾಂಡ್ ಕಡೆಯಿಂದ ನಮಸ್ಕಾರ. ಸ್ಟೇಡಿಯಂ ಅಳತೆ ಬಗ್ಗೆ ಮಾತು ಬಂದಿದ್ದಕ್ಕೆ ನಮ್ಮೂರಿನದ್ದು ಹೇಳಲೇಬೇಕು.

ಯೂನಿವರ್ಸಿಟಿ ಆಫ್ ಪೋರ್ಟ್‌ಲ್ಯಾಂಡ್ ಅಂತ ಒಂದು ಪುಟ್ಟ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ವಿಲ್ಲಾಮೆಟ್ ನದಿಯ ಪಕ್ಕ ಎತ್ತರದಲ್ಲಿದೆ. ಅಲ್ಲಿ ಅಮೆರಿಕನ್ ಫುಟ್ಬಾಲ್ ತಂಡವೇ ಇಲ್ಲ, 1950ರಲ್ಲೇ ಮುಚ್ಚಿದರು. ಅದಕ್ಕೆ ಸಾಕರ್ರೇ ಮನೆ ಮಗ, ಅಲ್ಲಲ್ಲ, ಮನೆ ಮಗಳು. ಅವರ ಮೈದಾನ ಮೆರ್ಲೋ ಫೀಲ್ಡ್‌ನಲ್ಲಿ ಸೀಟು ಐದು ಸಾವಿರದ ಒಳಗೆ. 2000ದ ದಶಕದಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಇಡೀ ದೇಶದಲ್ಲೇ ಜಾಸ್ತಿ ಜನ ಸೇರುತ್ತಿದ್ದ ಕಾಲೇಜುಗಳಲ್ಲಿ ಇದೂ ಒಂದು. ಕ್ರಿಸ್ಟೀನ್ ಸಿಂಕ್ಲೇರ್ ಇಲ್ಲೇ ಆಡಿದ್ದು. ಮುಂದೆ ಕೆನಡಾ ಪರ 190 ಗೋಲ್ ಹೊಡೆದಳು, ಗಂಡಸರು ಹೆಂಗಸರು ಅಂತಿಲ್ಲ, ಅಂತರರಾಷ್ಟ್ರೀಯ ಆಟದಲ್ಲಿ ಅಷ್ಟು ಹೊಡೆದವರು ಬೇರೆ ಇಲ್ಲ. ಅಮೆರಿಕ ತಂಡದಲ್ಲಿ ಆಡಿದ ಮೇಗನ್ ರಪಿನೋ ಕೂಡ ಇಲ್ಲಿಯವಳೇ. 2002 ಮತ್ತು 2005ರಲ್ಲಿ ಚಾಂಪಿಯನ್. 2002ರ ಫೈನಲ್‌ನಲ್ಲಿ ಸಾಂತಾ ಕ್ಲಾರಾ ಎದುರು ಹೆಚ್ಚುವರಿ ಸಮಯದಲ್ಲಿ ಸಿಂಕ್ಲೇರ್ ಹೊಡೆದು ಮುಗಿಸಿದಳು. ಕೋಚ್ ಕ್ಲೈವ್ ಚಾರ್ಲ್ಸ್‌ಗೆ ಆಗಲೇ ಕ್ಯಾನ್ಸರ್. ಮುಂದಿನ ವರ್ಷ ತೀರಿಕೊಂಡರು. ಮೈದಾನದ ಆವರಣಕ್ಕೆ ಈಗ ಅವರ ಹೆಸರಿದೆ.

ಒಂದು ಹಾಸ್ಟೆಲ್‌ನ ಹುಡುಗರು ಡೋಲು ಹೊತ್ತು ತಂದು ಆಟ ಪೂರ್ತಿ ಬಡಿಯುತ್ತಾರೆ. ನಾನು ಮೊದಲ ಸಲ ಹೋದಾಗ ನಮ್ಮೂರ ಜಾತ್ರೆಯ ತಮಟೆ ನೆನಪಾಯಿತು, ಸುಮ್ನೆ ಹೇಳುತ್ತಿಲ್ಲ. ಆ ಡೋಲನ್ನು 50 ಸಾವಿರ ಸೀಟಿನ ಬಟ್ಟಲಲ್ಲಿ ಐದು ಸಾವಿರ ಜನರ ನಡುವೆ ಬಡಿಯಿರಿ. ಖಾಲಿ ಕಲ್ಯಾಣಮಂಟಪದಲ್ಲಿ ಓಲಗ ಊದಿದ ಹಾಗಿರುತ್ತದೆ.

---

ಥ್ರೋಬಾಲ್_ಅಕ್ಕ · ಮಧ್ಯಾಹ್ನ 1:30

ಎಲ್ಲ ಓದಿದೆ. ನೀವೆಲ್ಲ ಸೀಟು ಎಣಿಸುತ್ತಿದ್ದೀರಿ. ನಾನು ಸಮಯ ಎಣಿಸುತ್ತೇನೆ.

1998ರಲ್ಲಿ ನಾನು ಮಧ್ಯ ಕರ್ನಾಟಕದ ಒಂದು ಡಿಗ್ರಿ ಕಾಲೇಜಿನಲ್ಲಿದ್ದೆ. ಕಾಲೇಜಿಗೆ ಎಂಟು ಎಕರೆ ಗ್ರೌಂಡು ಇತ್ತು. ಅದರಲ್ಲಿ ಹುಡುಗಿಯರ ಪಾಲಿಗೆ ಬಂದದ್ದು ಸೈಕಲ್ ಸ್ಟ್ಯಾಂಡಿನ ಹಿಂದಿನ ಥ್ರೋಬಾಲ್ ಕೋರ್ಟು. ಒಂದು ಕಡೆಯ ಕಂಬ ವಾಲಿತ್ತು. ನೆಟ್ಟಿನ ಆ ತುದಿಯನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದೆವು. ದೊಡ್ಡ ಗ್ರೌಂಡಿನಲ್ಲಿ ಹುಡುಗರ ಕ್ರಿಕೆಟ್. ಒಂದು ಸಲ ನಾವು ಏಳೆಂಟು ಜನ ಪಿಟಿ ಮೇಷ್ಟ್ರ ಹತ್ತಿರ ಹೋಗಿ ಫುಟ್ಬಾಲ್ ಕೇಳಿದೆವು. ಅವರು ಒಳ್ಳೆಯವರೇ, ಬೈಯಲಿಲ್ಲ. "ಹುಡುಗರದ್ದು ಮುಗಿದ ಮೇಲೆ ಆಡ್ಕೊಳ್ಳಿ ಕಣ್ರಮ್ಮ" ಅಂದರು. ಹುಡುಗರದ್ದು ಮುಗಿಯುವಾಗ ಆರೂಕಾಲು. ನಮ್ಮ ಹಾಸ್ಟೆಲ್ ಗೇಟು ಹಾಕುವುದು ಆರೂವರೆ. ಹದಿನೈದು ನಿಮಿಷ! ಮೂರು ದಿನ ಆಡಿದೆವು. ನಾಲ್ಕನೇ ದಿನ ಸ್ಪೋರ್ಟ್ಸ್ ರೂಮಿನ ಬೀಗದ ಕೈ ಸಿಗಲಿಲ್ಲ. ಅಲ್ಲಿಗೆ ಮುಗಿಯಿತು.

ಅಪ್ಪಯ್ಯನವರ ಮಗಳು ನೋಡಿದ್ದು ಏನು? ಗುರುವಾರ ಸಂಜೆ ಏಳು ಗಂಟೆಗೆ ದೀಪ ಹಾಕಿ, ಹುಲ್ಲು ಕತ್ತರಿಸಿ, ಗೆರೆ ಹಾಕಿ, ರೆಫ್ರಿ ಕರೆಸಿ ಕಾದಿದ್ದಾರೆ. ಯಾರದ್ದೋ ಮುಗಿಯಲಿ ಅಂತ ಆ ಹುಡುಗಿಯರು ಬೇಲಿಯ ಆಚೆ ನಿಂತಿಲ್ಲ. ಹಂಚಿಕೊಳ್ಳುವುದು ಬೇರೆ, ಉಳಿದದ್ದು ಸಿಗುವುದು ಬೇರೆ. ನಾಲ್ಕು ತಂಡಕ್ಕೆ ಒಂದೇ ಹುಲ್ಲು ಅಂದರಲ್ಲ, ನನಗೆ ಅದರಲ್ಲಿ ಏನೂ ಕಡಿಮೆ ಕಾಣಲಿಲ್ಲ. ಕ್ಯಾಲೆಂಡರಿನಲ್ಲಿ ಹುಡುಗಿಯರ ಹೆಸರೂ ಮೊದಲೇ ಬರೆದಿರುತ್ತದೆ. ನಮಗೆ ಇಲ್ಲದೇ ಹೋದದ್ದು ಅದು, ಸೀಟಲ್ಲ.

---

ಚಾಪೆಲ್‌ಹಿಲ್ಲಿನವಳು · 2:10

ಅಕ್ಕ, ಆ ಕ್ಯಾಲೆಂಡರ್ ಕೂಡ ತಾನಾಗಿ ಬಂದದ್ದಲ್ಲ. ಅಮೆರಿಕದಲ್ಲಿ 1972ರ ಜೂನ್‌ನಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ತೆಗೆದುಕೊಳ್ಳುವ ಯಾವ ಶಾಲೆ-ಕಾಲೇಜೂ ಹೆಣ್ಣು-ಗಂಡು ಅಂತ ಭೇದ ಮಾಡಬಾರದು, ಇಷ್ಟೇ. ಮುಖ್ಯ ವಾಕ್ಯದಲ್ಲಿ ಆಟ ಅನ್ನುವ ಪದವೇ ಇಲ್ಲ. ಅದನ್ನ ಆಟಕ್ಕೂ ಹಿಡಿದು ತಂದದ್ದು ಆಮೇಲಿನ ನಿಯಮಗಳು, ಕೋರ್ಟು ಕೇಸುಗಳು. ಅಮೆರಿಕನ್ ಫುಟ್ಬಾಲ್ ತಂಡದ ನೂರಕ್ಕೂ ಹೆಚ್ಚು ಹುಡುಗರ ಎದುರಿಗೆ ಅಷ್ಟೇ ಅವಕಾಶ ಹುಡುಗಿಯರಿಗೆ ತೋರಿಸಬೇಕಲ್ಲ? ಕಾಲೇಜುಗಳಿಗೆ ಸಾಕರ್ ಸುಲಭವಾಗಿ ಸಿಕ್ಕಿತು. ತಂಡ ದೊಡ್ಡದು, ಖರ್ಚು ಕಡಿಮೆ. ಈಗ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲೇ 340ಕ್ಕೂ ಹೆಚ್ಚು ಹೆಣ್ಣುಮಕ್ಕಳ ತಂಡ ಇವೆ.

1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಅಮೆರಿಕಕ್ಕೆ ಕೋಚ್ ಇದೇ ಡೊರೆನ್ಸ್. ತಂಡದಲ್ಲಿ ಹೆಚ್ಚುಕಡಿಮೆ ಅರ್ಧ ಜನ ಇದೇ ಮೈದಾನದಲ್ಲಿ ಬೆಳೆದವರು. ಮಿಯಾ ಹ್ಯಾಮ್ ಆಗ 19ರ ಹುಡುಗಿ. ಚಾಪೆಲ್ ಹಿಲ್ ತಂಡದಲ್ಲಿ ಅವಳ ಅಂಗಿ ನಂಬರೂ 19. ಫೈನಲ್‌ನಲ್ಲಿ ನಾರ್ವೆ ಎದುರು 2-1. ಈಗ ಇಂಗ್ಲೆಂಡ್ ತಂಡದ ಲೂಸಿ ಬ್ರಾಂಜ್, ಅಲೆಸಿಯಾ ರುಸ್ಸೊ ಕೂಡ ಚಾಪೆಲ್ ಹಿಲ್‌ನಲ್ಲಿ ಆಡಿ ಹೋದವರೇ.

---

ಕೊಂಕು_ಮಾತಿನವ · 2:41

ಎಲ್ಲರೂ ಆರತಿ ಎತ್ತುತ್ತಿದ್ದೀರಿ, ಒಂದು ಮಾತು ನಾನೂ ಸೇರಿಸುತ್ತೇನೆ. ಡೊರೆನ್ಸ್ ಅನ್ನುವ ಆ ಹೆಸರಿನ ಬಗ್ಗೆ. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಕೋಚ್ ಮೇಲೆ ಲೈಂಗಿಕ ಕಿರುಕುಳದ ದಾವೆ ಹಾಕಿದ್ದರು. ಹುಡುಗಿಯರ ಖಾಸಗಿ ಬದುಕಿನ ಬಗ್ಗೆ ತಂಡದ ಎದುರೇ ಮಾತಾಡುತ್ತಿದ್ದರು ಅನ್ನುವ ಆರೋಪ. ಹತ್ತು ವರ್ಷ ನಡೆಯಿತು. ಕೊನೆಗೆ 2008ರಲ್ಲಿ ವಿಶ್ವವಿದ್ಯಾಲಯ ಒಬ್ಬಳ ಜೊತೆ 3,85,000 ಡಾಲರ್‌ಗೆ ರಾಜಿ ಮಾಡಿಕೊಂಡಿತು. ಇನ್ನೊಬ್ಬಳದ್ದು ಅದಕ್ಕೂ ಮುಂಚೆ ರಾಜಿಯಾಗಿತ್ತು. ಹತ್ತು ವರ್ಷ ಕಳೆದು ಅದೇ ಹೆಸರು ಸ್ಟೇಡಿಯಂ ಮೇಲೆ. ಟ್ರೋಫಿ ಎಣಿಸುವಾಗ ಇದನ್ನೂ ಎಣಿಸಿ.

---

ಚಾಪೆಲ್‌ಹಿಲ್ಲಿನವಳು · 3:05

ನಿಜ. ಹೇಳಿದ್ದು ಒಳ್ಳೆಯದೇ ಆಯಿತು, ನಾನೇ ಹೇಳಬೇಕಿತ್ತು. ನಾನು ಓದುವಾಗಲೂ ಕ್ಯಾಂಪಸ್‌ನಲ್ಲಿ ಇದರ ಬಗ್ಗೆ ಎರಡು ಗುಂಪು. ಅವರ ಪರ ನಿಂತ ಹಳೆ ಆಟಗಾರ್ತಿಯರೂ ಬಹಳ. ಬದುಕಿರುವವರ ಹೆಸರು ಕಟ್ಟಡಕ್ಕೆ ಇಡುವುದೇ ನನಗೆ ಸರಿ ಅನ್ನಿಸುವುದಿಲ್ಲ. ಫೆಟ್ಜರ್ ಅಂತಲೇ ಬಿಡಬಹುದಿತ್ತು.

---

ಗರಿಕೆ_ಗೌಡ · ಸಂಜೆ 4:20

ನಾನು ಕೃಷಿ ಓದಿದವನು, ಹುಲ್ಲಿನ ಮೇಲೆ ಕಣ್ಣು. ಯಾರೂ ಹುಲ್ಲಿನ ಬಗ್ಗೆ ಮಾತೇ ಆಡಿಲ್ಲವಲ್ಲ!

ಅಮೆರಿಕದ ದಕ್ಷಿಣದ ಮೈದಾನಗಳಲ್ಲಿ ಹೆಚ್ಚಾಗಿ ಇರುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ಯಾವುದೋ ದ್ವೀಪದ್ದು ಅಂದುಕೊಳ್ಳಬೇಡಿ. ಅದು ನಮ್ಮ ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ. ಆಟದ ಮೈದಾನಕ್ಕೆ ಹಾಕುವುದು ಗರಿಕೆಗೆ ಅದರ ಆಫ್ರಿಕಾದ ದಾಯಾದಿ ಹುಲ್ಲನ್ನು ಸೇರಿಸಿ ಮಾಡಿದ ಮಿಶ್ರತಳಿ. ಜಾರ್ಜಿಯಾದ ಟಿಫ್ಟನ್‌ನಲ್ಲಿ ಇಂಥ ಹೆಸರಾಂತ ತಳಿಗಳು ಹುಟ್ಟಿವೆ. ತುಳಿದಷ್ಟೂ ಪಕ್ಕಕ್ಕೆ ಹಬ್ಬುತ್ತದೆ, ಕಿತ್ತು ಹೋದ ಜಾಗ ತಾನೇ ಮುಚ್ಚಿಕೊಳ್ಳುತ್ತದೆ. ಸ್ಲೈಡ್ ಟ್ಯಾಕಲ್ ಮಾಡುವ, ಅಂದರೆ ಜಾರಿ ಹೋಗಿ ಚೆಂಡು ಕಸಿಯುವ ಆಟಕ್ಕೆ ಇದಕ್ಕಿಂತ ಇನ್ನೇನು ಬೇಕು. ಒಂದೇ ತೊಂದರೆ, ಚಳಿ ಬಂದರೆ ಗರಿಕೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಅದಕ್ಕೇ ಅಕ್ಟೋಬರ್ ಹೊತ್ತಿಗೆ ಅದರ ಮೇಲೆ ರೈ ಹುಲ್ಲಿನ ಬೀಜ ಎರಚುವ ಪದ್ಧತಿ. ನವೆಂಬರಿನಲ್ಲಿ ಹಸಿರು ಕಂಡರೆ ಅದು ಗರಿಕೆಯಲ್ಲ, ಮೇಲಿನ ಹೊದಿಕೆ.

ನಾಲ್ಕು ತಂಡ ಒಂದೇ ಹುಲ್ಲಿನ ಮೇಲೆ ಅಂದರೆ ಗ್ರೌಂಡ್ಸ್‌ಮನ್ ಪಾಡು ದೇವರಿಗೇ ಪ್ರೀತಿ. ಲಕ್ರಾಸ್ ಗೋಲ್‌ಕೀಪರ್ ನಿಂತ ಜಾಗ ಬೋಳಾಗುತ್ತದೆ. ಅದು ಸಾಕರ್ ಹೊತ್ತಿಗೆ ಚಿಗುರಬೇಕು. ನನ್ನ ಕೇಳಿದರೆ ಆ ಮೈದಾನಕ್ಕೆ ಗ್ರೌಂಡ್ಸ್‌ಮನ್ ಹೆಸರನ್ನೇ ಇಡಬೇಕಿತ್ತು. ಯಾರ ಜಗಳವೂ ಇರುತ್ತಿರಲಿಲ್ಲ.

---

ವೆಸ್ಟ್‌ಬ್ಲಾಕ್_ಹುಡ್ಗ · ಶನಿವಾರ ಬೆಳಿಗ್ಗೆ 9:30 (ಬೆಂಗಳೂರು)

ಗೌಡ್ರೇ, ಚೌತಿಗೆ ಗರಿಕೆ ಕಟ್ಟಿಗೆ ಇಪ್ಪತ್ತು ರೂಪಾಯಿ ಕೊಟ್ಟೆ. ಒಂದು ಸ್ಟೇಡಿಯಂ ಗರಿಕೆ ಮಾರಿದರೆ ಹುಡುಗಿಯರ ಲೀಗ್ ನಡೆಸಬಹುದು.

ತಮಾಷೆ ಬಿಡಿ, ಥ್ರೋಬಾಲ್ ಅಕ್ಕ ಬರೆದದ್ದು ಓದಿ ಅಮ್ಮನಿಗೂ ಓದಿ ಹೇಳಿದೆ. ಅಮ್ಮ "ನಮ್ಮ ಕಾಲೇಜಲ್ಲಿ ಮರಾನೂ ಇರ್ಲಿಲ್ಲ" ಅಂದಳು. ನಮ್ಮಲ್ಲಿ ಈಗ ಸ್ವಲ್ಪ ಬದಲಾಗಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್‌ನ ಹುಡುಗಿಯರು 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್‌ವರೆಗೆ ಹೋದರು. ಅಹಮದಾಬಾದ್‌ನಲ್ಲಿ ಗೋಕುಲಂ ಕೇರಳ ಎದುರು 5-0 ಸೋತರು, ಇರಲಿ. ಆದರೆ ಒಂದು ವಿಶ್ವವಿದ್ಯಾಲಯದ ಒಳಗೆ, ಹುಡುಗಿಯರ ಫುಟ್ಬಾಲ್ ಅಂದರೆ ಇದೇ ಅಂತ ಬೆರಳು ತೋರಿಸಲು ಒಂದು ಜಾಗ? ನಾನು ಬೆಂಗಳೂರಲ್ಲಿ ಅಂಥದ್ದು ನೋಡಿಲ್ಲ. ಆಟಗಾರ್ತಿಯರು ಇದ್ದಾರೆ, ವಿಳಾಸ ಇಲ್ಲ.

---

ಲೆಕ್ಕದ_ಮೇಷ್ಟ್ರು · ಶನಿವಾರ ಬೆಳಿಗ್ಗೆ 8:20

ಇನ್ನೊಂದು ಅಂಕಿ ಹೇಳಿ ಹೋಗುತ್ತೇನೆ. 2025ರ ಜುಲೈನಿಂದ ಅಮೆರಿಕದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರ ಸಿಂಹಪಾಲು ಅಮೆರಿಕನ್ ಫುಟ್ಬಾಲ್ ಮತ್ತು ಹುಡುಗರ ಬ್ಯಾಸ್ಕೆಟ್‌ಬಾಲ್‌ಗೆ ಅಂತ ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳ ಸಾಕರ್ ತಂಡದಲ್ಲಿ ಮೊದಲು 14 ಸ್ಕಾಲರ್‌ಶಿಪ್ ಮಿತಿ ಇತ್ತು. ಈಗ ಆ ಮಿತಿ ಹೋಗಿ ತಂಡದಲ್ಲಿ 28 ಜನ ಅನ್ನುವ ಮಿತಿ ಬಂದಿದೆ. 28 ಜನಕ್ಕೂ ಕೊಡಬಹುದು. ಕೊಡುತ್ತಾರಾ? ಅಪ್ಪಯ್ಯನವರೇ, ನೀವು ಅನ್ಯಾಯ ಹುಡುಕುವುದಾದರೆ ಸೀಟಿನಲ್ಲಿ ಬೇಡ, ಈ ಬಜೆಟ್ಟಿನಲ್ಲಿ ಹುಡುಕಿ.

---

ಕ್ಯಾರಿ_ಅಪ್ಪಯ್ಯ · ಶನಿವಾರ 10:15

ಒಪ್ಪಿದೆ ಮೇಷ್ಟ್ರೇ. ಸೀಟಿನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮಗಳಿಗೂ ಕೇಳಿದೆ, "ಇನ್ನೂ ದೊಡ್ಡದಿದ್ದರೆ ಚೆನ್ನಾಗಿರುತ್ತಿತ್ತಾ?" ಅಂತ. "ಆಗ ನಾವು ದೂರ ಕೂರ್ತಿದ್ವಿ" ಅಂದಳು. ಇಡೀ ಚರ್ಚೆ ನಾಲ್ಕು ಪದದಲ್ಲಿ ಮುಗಿಸಿಬಿಟ್ಟಳು.

ನಾಳೆ ಭಾನುವಾರ ಮಧ್ಯಾಹ್ನದ ಗೇಮ್‌ಗೆ ಮತ್ತೆ ಹೋಗುತ್ತಿದ್ದೇವೆ. ಗೊತ್ತಿಲ್ಲದೆ ಒದ್ದಾಡಿದ್ದು ಒಂದೆರಡು ಇದೆ, ಹೊಸಬರಿಗಾಗಿ ಹೇಳುತ್ತೇನೆ. ಗಡಿಯಾರ ಹಿಂದಕ್ಕೆ ಓಡುತ್ತದೆ, 45ರಿಂದ ಸೊನ್ನೆಗೆ. ಕೊನೆಯ ಹತ್ತು ಸೆಕೆಂಡನ್ನು ಮೈಕಿನಲ್ಲಿ ಎಣಿಸುತ್ತಾರೆ, ನಾನು ರಾಕೆಟ್ ಬಿಡುತ್ತಾರೇನೋ ಅಂದುಕೊಂಡೆ. ಹೊರಗೆ ಹೋದವಳು ಎರಡನೇ ಅರ್ಧದಲ್ಲಿ ಒಂದು ಸಲ ವಾಪಸ್ ಬರಬಹುದು, ಅದು ಮೋಸ ಅಲ್ಲ. ಗುಡುಗು ಮಿಂಚು ಬಂದರೆ ಆಟ ನಿಲ್ಲುತ್ತದೆ, ಕೊನೆಯ ಮಿಂಚಿನಿಂದ 30 ನಿಮಿಷ ಕಾಯಬೇಕು. ಹಾಗಾಗಿ ಕಾರಿನಲ್ಲಿ ತಿಂಡಿ ಇಟ್ಟಿರಿ. ಬೇರೆ ಊರಿನ ಒಂದು ಕಾಲೇಜು ಗ್ರೌಂಡಿನಲ್ಲಿ ಗೇಟಿನವರು ನನ್ನ ಪುಳಿಯೋಗರೆ ಡಬ್ಬಿಯನ್ನು ಬಾಂಬಿನ ಹಾಗೆ ನೋಡಿ ವಾಪಸ್ ಕಳಿಸಿದ್ದರು.

---

ಚಾಪೆಲ್‌ಹಿಲ್ಲಿನವಳು · 10:40

ಊರೊಳಗಿನ ಬಸ್ಸು ಫ್ರೀ. 2002ರಿಂದ ಟಿಕೆಟ್ಟೇ ಇಲ್ಲ. ಭಾನುವಾರ ಬಸ್ಸು ಕಡಿಮೆ, ಟೈಮ್ ನೋಡಿಕೊಳ್ಳಿ. ಬೆಲ್ ಟವರ್ ಹುಡುಕಿಕೊಂಡರೆ ಸಾಕು, ಅಲ್ಲಿಂದ ನಡೆದೇ ಹೋಗಬಹುದು. ದಾರಿಯಲ್ಲಿ ಕಾರ್ಮೈಕಲ್ ಸಿಗುತ್ತದೆ, ಮೈಕಲ್ ಜೋರ್ಡನ್ ಕಾಲೇಜಿನಲ್ಲಿ ಆಡಿದ ಕಟ್ಟಡ. ಈಗ ಅಲ್ಲಿ ಆಡುವುದು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ. ಮಗಳಿಗೆ ತೋರಿಸಿ.

---

ಥ್ರೋಬಾಲ್_ಅಕ್ಕ · 11:25

ನಾನಿರುವುದು ಶಾರ್ಲೆಟ್‌ನಲ್ಲಿ. ಎರಡೂವರೆ ಗಂಟೆ ಡ್ರೈವ್. ನಾಳೆ ನಾನೂ ಬರಬಹುದಾ?

---

ಕ್ಯಾರಿ_ಅಪ್ಪಯ್ಯ · 11:31

ಕೇಳಬೇಕಾ ಅಕ್ಕ? ಮೂರನೇ ಸಾಲು, ಬಲಗಡೆ. ಚಿತ್ರಾನ್ನ ಕಾರಿನಲ್ಲಿರುತ್ತದೆ. ಟೋಪಿ ತನ್ನಿ, ಬಿಸಿಲು ಜೋರಿದೆ. ನೀವು ಥ್ರೋಬಾಲ್ ಆಡಿದವರು ಅಂದದ್ದಕ್ಕೆ ಮಗಳು ನಿಮಗೆ ಸರಿಯಾಗಿ ಥ್ರೋ-ಇನ್ ಹಾಕುವುದು ಹೇಗೆ ಅಂತ ಹೇಳಿಕೊಡುತ್ತಾಳಂತೆ.

---

ಥ್ರೋಬಾಲ್_ಅಕ್ಕ · 11:33

ಎಸೆಯುವುದು ನನಗೆ ಹೇಳಿಕೊಡುವುದು ಬೇಡ ಅಂತ ಹೇಳಿ. ಒದೆಯುವುದು ಹೇಳಿಕೊಡಲಿ.